ಸ್ಟ್ರೆಚರಿನ ಇನ್ನೊಂದು ತುದಿ

ಮೊದಲಿಗೆ ಒಂದು ಕ್ಷಮೆ. ಸೈನ್ಯದ ಕತೆ ಹೇಳುವವನು ಒಂದು ದಿನವಾದರೂ ಬೂಟು ತೊಟ್ಟು ಕವಾಯತು ಮಾಡಿದವನಾಗಿರಬೇಕು, ನಾನು ಮಾಡಿಲ್ಲ. ಅದೂ ಅಲ್ಲದೆ ಇದು ಒಂದು ಸಂಸಾರದೊಳಗಿನ ಹೊಟ್ಟೆಕಿಚ್ಚಿನ ವಿಚಾರ. ಇನ್ನೊಬ್ಬರ ಮನೆಯೊಳಗೆ ಇಣುಕಿ ನೋಡಿ ಬಂದು ಊರಿಗೆಲ್ಲ ಹೇಳುವುದು ಮರ್ಯಾದಸ್ಥರ ಕೆಲಸವಲ್ಲ ಎಂದು ಗೊತ್ತಿದೆ. ಆದರೆ ಶುರು ಮಾಡಿಯಾಗಿದೆ. ನಡುವೆ ಬಿಟ್ಟರೆ ಅದು ಇನ್ನೂ ದೊಡ್ಡ ತಪ್ಪಾದೀತೆಂಬ ಅಂಜಿಕೆಯಿಂದಲೇ ಮುಂದುವರಿಸುತ್ತಿದ್ದೇನೆ. ಎಡವಿದ ಕಡೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

"ಮುಟ್ಬೇಡಿ," ಎಂದಳು ನಗಾರಿಯ ಹೆಂಡತಿ. "ಬೆರಳಿನ ಗುರುತು ಬೀಳುತ್ತೆ."

ಊರೆಲ್ಲ ಅಕ್ಕ ಎಂದು ಕರೆಯುವ ಆ ಹೆಂಗಸು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಗಾಜಿನ ಪೆಟ್ಟಿಗೆಯೊಳಗೆ, ನೀಲಿ ಮಖಮಲ್ಲಿನ ಮೇಲೆ, ಪದಕ ಮಲಗಿತ್ತು. ಆ ಹಜಾರದಲ್ಲಿ ಯಾರು ಎಲ್ಲಿ ಕೂತರೂ ಕಣ್ಣು ಅದರ ಮೇಲೇ ಬೀಳಬೇಕು, ಕುರ್ಚಿಗಳನ್ನು ಹಾಗೆ ಜೋಡಿಸಲಾಗಿತ್ತು. ಅಕ್ಕನಿಗೆ ಕೊಟ್ಟದ್ದು ನೇರ ಎದುರಿನ ಕುರ್ಚಿ.

"ನಮ್ಮೋರು ಹೋಗಿ ವರ್ಷ ಆಯ್ತು. ಬೇರೆ ಏನು ಬಿಟ್ರೂ ಇದನ್ನ ಒರೆಸೋದು ಮಾತ್ರ ಬಿಟ್ಟಿಲ್ಲ," ಎಂದು ನಗಾರಿಯ ಹೆಂಡತಿ ಬಟ್ಟೆಯ ತುದಿಯಿಂದ ಗಾಜನ್ನು ಇನ್ನೊಮ್ಮೆ ಒರೆಸಿದಳು. ಒರೆಸುವಂಥದ್ದು ಅಲ್ಲೇನೂ ಇರಲಿಲ್ಲ.

ಅಕ್ಕನ ಹೊಟ್ಟೆಯಲ್ಲಿ ಕೆಂಡ ಬಿತ್ತು. ತನ್ನ ಮನೆಯ ಗೋಡೆಯಲ್ಲಿ ಅಂಥದೇ ಜಾಗದಲ್ಲಿ ಇರುವುದೊಂದು ಗಡಿಯಾರ; ಅದೂ ನಿಂತುಹೋಗಿದೆ.

ಹೊಸಬರಿಗೆ ಹೇಳಬೇಕಾದದ್ದು ಇಷ್ಟೇ. ಅಕ್ಕನ ಗಂಡ ಸೈನ್ಯದ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದವನು, ಅವನ ಅಡ್ಡಹೆಸರೂ ತುತ್ತೂರಿ. ಪದಕದ ನಗಾರಿ ಅದೇ ಬ್ಯಾಂಡಿನಲ್ಲಿ ನಗಾರಿ ಬಾರಿಸುತ್ತಿದ್ದವನು. ಮದುವೆಯಾಗಿ ಕೂಸು ಹುಟ್ಟಿದ ಹೊಸತರಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಅವನು ಮನೆ ಕಡೆ ತಲೆ ಹಾಕಲಿಲ್ಲ. ಎಲ್ಲಿದ್ದೆ ಎಂದರೆ "ಡಿಪೋದಲ್ಲಿ" ಎಂದ. ಅವನ ಸೇವಾ ದಾಖಲೆಯೂ ಹಾಗೇ ಹೇಳುತ್ತದೆ: ಡಿಪೋದಲ್ಲಿ ಹಾಜರು. ಡಿಪೋ, ಎಂದರೆ ಅವನ ಪಡೆಯ ಕಾಯಂ ಠಾಣೆ, ಮನೆಯಿಂದ ಅರ್ಧ ದಿನದ ಬಸ್ಸಿನ ದಾರಿ. ಅಕ್ಕ ಒಮ್ಮೆ ಕೂಸನ್ನು ಎತ್ತಿಕೊಂಡು ಆ ಗೇಟಿನ ತನಕ ಹೋಗಿದ್ದಳು. "ಅವನು ಇಲ್ಲಿಲ್ಲಮ್ಮ" ಎಂದು ಕಾವಲಿನವನು ವಾಪಸು ಕಳಿಸಿದ್ದ.

ದಾಖಲೆಯಲ್ಲಿ ಇದ್ದಾನೆ, ಡಿಪೋದಲ್ಲಿ ಇಲ್ಲ. ಹಾಗಾದರೆ ಎಲ್ಲಿ?

ಅಕ್ಕನಿಗೆ ಹೊಳೆದದ್ದು ಒಂದೇ ಉತ್ತರ. ಮೊದಮೊದಲು ಆ ಉತ್ತರಕ್ಕೆ ಮುಖವಿರಲಿಲ್ಲ. ಮೂವತ್ತು ವರ್ಷದಲ್ಲಿ ಅಕ್ಕ ಅವಳಿಗೆ ಕಣ್ಣು ಕೊಟ್ಟಳು, ಮೂಗು ಕೊಟ್ಟಳು, ತನಗಿಂತ ಉದ್ದದ ಕೂದಲು ಕೊಟ್ಟಳು. ಗಂಡ ಊಟಕ್ಕೆ ಉಪ್ಪು ಕಮ್ಮಿ ಎಂದರೆ "ಅವಳು ಹಾಕ್ತಿದ್ಳೇನೋ ಸರಿಯಾಗಿ" ಎನ್ನುತ್ತಿದ್ದಳು. ಗಂಡ ಗೋಡೆ ನೋಡುತ್ತಿದ್ದ.

ಹೋದ ತಿಂಗಳು ಹಳೇ ಸೈನಿಕರ ಕೂಟದಲ್ಲಿ ಇದೇ ನಗಾರಿಯ ಹೆಂಡತಿ ಎಲ್ಲರೆದುರು ಅಂದುಬಿಟ್ಟಳು: "ನಿಮ್ಮೋರೂ ನಮ್ಮೋರ ಜತೆ ಸಮುದ್ರದಾಚೆ ಒಂದೇ ಗುಡಾರದಲ್ಲಿದ್ರಲ್ಲ! ನಿಮಗೆ ಪದಕ ಬರಲಿಲ್ವಾ?"

ಮನೆಗೆ ಬಂದು ಕೇಳಿದರೆ ತುತ್ತೂರಿ ಮತ್ತೆ ಗೋಡೆಯನ್ನೇ ನೋಡಿದ. "ಹೋಗಿದ್ದೆ. ಈಗ್ಯಾಕೆ ಅದೆಲ್ಲ?" ಎಂದ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಮಗಳು ದಾಖಲೆ ತಿದ್ದುಪಡಿ ಮಂಡಳಿಗೆ ಅರ್ಜಿ ಬರೆದು, ಅಪ್ಪನ ಕೈಗೆ ಪೆನ್ನು ತುರುಕಿ ಸಹಿ ಹಾಕಿಸಿದಳು. ವಿಚಾರಣೆ ನಾಳೆ ಬೆಳಗ್ಗೆ. ಆಗ ಪಡೆಯಲ್ಲಿದ್ದವರ ಪೈಕಿ ಒಬ್ಬ ಸಾಕ್ಷಿಯೂ ಬಾರದಿದ್ದರೆ ಕಡತ ಶಾಶ್ವತವಾಗಿ ಮುಚ್ಚುತ್ತದೆ.

ಪದಕ ಅಕ್ಕನಿಗೆ ಬೇಡವಾಗಿತ್ತು ಎಂದರೆ ಸುಳ್ಳಾಗುತ್ತದೆ. ಆದರೆ ಪದಕಕ್ಕಿಂತ ಬೇಕಿದ್ದದ್ದು ಸರ್ಕಾರದ ಮೊಹರು ಬಿದ್ದ ಒಂದು ಸಾಲು: ಆ ತಿಂಗಳುಗಳಲ್ಲಿ ಈ ಮನುಷ್ಯ ಸಮುದ್ರದಾಚೆ ಇದ್ದ. ಆ ಸಾಲೊಂದು ಬಂದರೆ ಆ ಉದ್ದ ಕೂದಲಿನವಳು ಇಲ್ಲವಾಗುತ್ತಾಳೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಅಕ್ಕ ನೆಮ್ಮದಿಯಾಗಿ ಗಂಡನಿಗೆ ಊಟ ಬಡಿಸಬಹುದು.

"ಇದನ್ನ ಸ್ವಲ್ಪ ಜೋರಾಗಿ ಓದಲಾ?" ಎಂದು ಕೇಳಿದವನು ಅಕ್ಕನ ತಮ್ಮ. ವಿಮೆ ಕಂಪನಿಯಲ್ಲಿ ಸುಳ್ಳು ಬೆಂಕಿ, ಸುಳ್ಳು ಕಳ್ಳತನಗಳನ್ನು ಪತ್ತೆ ಹಚ್ಚಿ ಹಚ್ಚಿ ನಿವೃತ್ತನಾಗಿ, ಈಗ ಸ್ವಂತ ಪತ್ತೇದಾರಿ ಕಚೇರಿ ಇಟ್ಟವನು. ಹಿಡಿದದ್ದನ್ನು ಬಿಡುವುದಿಲ್ಲವೆಂದು ಹಳೇ ಸಹೋದ್ಯೋಗಿಗಳು ಅವನಿಗಿಟ್ಟ ಹೆಸರು ಇಕ್ಕಳ. ಅವನು ಪದಕದ ಪಕ್ಕದಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದ ಪ್ರಶಂಸಾ ಪತ್ರದ ಮುಂದೆ ಕನ್ನಡಕ ಏರಿಸಿ ನಿಂತಿದ್ದ.

"ಓದಿ, ಓದಿ. ಎಲ್ರೂ ಓದ್ತಾರೆ."

"'ಗುಂಡಿನ ದಾಳಿ ನಡೆಯುತ್ತಿರುವಾಗಲೇ ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಹೊತ್ತು, ಒಬ್ಬೊಬ್ಬರನ್ನಾಗಿ ಸೇತುವೆ ದಾಟಿಸಿದ ಧೈರ್ಯಕ್ಕಾಗಿ.'" ಇಕ್ಕಳ ತಿರುಗಿದ. "ಒಬ್ಬರೇ?"

"ಏನು ಒಬ್ಬರೇ?"

"ಹೊತ್ತಿದ್ದು."

"ಪತ್ರದಲ್ಲಿ ಒಬ್ಬರದ್ದೇ ಹೆಸರಿರೋದು. ಕಣ್ಣು ಕಾಣಲ್ವಾ?"

"ಕಾಣುತ್ತೆ. ಅದಕ್ಕೇ ಕೇಳಿದ್ದು. ಸ್ಟ್ರೆಚರಿಗೆ ಎರಡು ತುದಿ ಇರುತ್ತೆ. ಒಂದು ನಿಮ್ಮ ಯಜಮಾನ್ರು ಹಿಡಿದ್ರು. ಇನ್ನೊಂದು?"

ಅಕ್ಕ ಆ ಪತ್ರವನ್ನು ಆ ಹೊತ್ತಿಗಾಗಲೇ ಹತ್ತು ಸಲ ಓದಿ ಹತ್ತು ಸಲ ಉರಿದುಕೊಂಡಿದ್ದಳು. ಆದರೆ ಈ ಮಾತು ಹೊಳೆದಿರಲಿಲ್ಲ. ಉರಿಯುವವರ ಕಣ್ಣಿಗೆ ಹೊಗೆಯೇ ಹೆಚ್ಚು ಕಾಣುತ್ತದೋ ಏನೋ.

ನಗಾರಿಯ ಹೆಂಡತಿಯ ಮುಖ ಬಿಗಿಯಿತು. "ಯಾರೋ ಇದ್ದಿರ್ತಾರೆ. ಕೊಟ್ಟಿದ್ದು ನಮ್ಮೋರಿಗೆ. ಈಗ ಬಂದು ಅರ್ಧ ಮುರಿದು ಕೊಡಿ ಅಂದ್ರೆ ಇದೇನು ಬಿಸ್ಕತ್ತಾ?"

"ನಿಮ್ಮದು ಯಾರಿಗೆ ಬೇಕು!" ಎಂದಳು ಅಕ್ಕ. "ನಮ್ಮದು ನಮಗೆ ಬಂದ್ರೆ ಸಾಕು."

"ಬರೋ ಹಾಗಿದ್ರೆ ಅವತ್ತೇ ಬರ್ತಿತ್ತು." ಅವಳು ಬಟ್ಟೆಯನ್ನು ಮಡಿಸಿ, ಮತ್ತೆ ಮಡಿಸಿದಳು. ಆಮೇಲೆ ಏನನ್ನೋ ತೂಗಿ ನೋಡಿದವಳ ಹಾಗೆ ದನಿ ಇಳಿಸಿದಳು. "ನಮ್ಮೋರಿಗೆ ಸಾಕ್ಷಿ ಹೇಳಿದ್ದು ಬ್ಯಾಂಡ್ ಮಾಸ್ಟರು. ಅವರು ಹೇಳಿದ ಮೇಲೇ ನಮ್ಮೋರ ದಾಖಲೆ ಸರಿಹೋಗಿದ್ದು. ನಿಮ್ಮೋರಿಗೆ ಯಾಕೆ ಹೇಳಲಿಲ್ಲ ಅಂತ ಅವರನ್ನೇ ಕೇಳಿ. ಬದುಕಿದ್ದಾರೆ. ವಾದ್ಯ ರಿಪೇರಿ ಮಾಡ್ಕೊಂಡಿದ್ದಾರೆ."

ಬಾಗಿಲ ತನಕ ಬಂದು ಬೀಳ್ಕೊಟ್ಟಳು. ಅಕ್ಕ ಮೆಟ್ಟಿಲಿಳಿಯುವಾಗ ಹಿಂದಿನಿಂದ ಇನ್ನೊಂದು ಮಾತು ಬಂತು.

"ನಿಮ್ಮೋರು ಬದುಕಿದ್ದಾರೆ. ಅಷ್ಟು ಸಾಲದಾ ನಿಮಗೆ?"

ಅಕ್ಕ ತಿರುಗಿ ನೋಡಲಿಲ್ಲ. ಬಸ್ಸು ಹತ್ತುವ ತನಕ ಆ ಮಾತು ಮಾತ್ರ ಚಪ್ಪಲಿಯೊಳಗೆ ಹೊಕ್ಕ ಕಲ್ಲಿನ ಹಾಗೆ ಒತ್ತುತ್ತಲೇ ಇತ್ತು.

ಬ್ಯಾಂಡ್ ಮಾಸ್ಟರರ ಕಾರ್ಯಾಗಾರ ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆ. ಗೋಡೆಗೆ ಹೊಡೆದ ಮೊಳೆಗಳಲ್ಲಿ ತುತ್ತೂರಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಕೆಲವಕ್ಕೆ ಬಾಯಿಲ್ಲ, ಕೆಲವಕ್ಕೆ ಗುಂಡಿಗಳಿಲ್ಲ. ಮೂಲೆಯಲ್ಲಿ ಚರ್ಮ ಹರಿದ ಡೋಲೊಂದು ಹೊಟ್ಟೆ ತೆರೆದುಕೊಂಡು ಬಿದ್ದಿತ್ತು. ಕಿಟಕಿಯ ಕೆಳಗಿನ ಮೇಜಿನ ಮೇಲೆ ಸಣ್ಣ ಸಣ್ಣ ಸ್ಪ್ರಿಂಗುಗಳು, ಬಿರಡೆಯ ಚೂರುಗಳು, ಎಣ್ಣೆಯ ಸೀಸೆ. ಎಣ್ಣೆ, ಹಿತ್ತಾಳೆ, ಹಳೇ ಉಗುಳು ಎಲ್ಲ ಸೇರಿದ ಒಂದು ವಾಸನೆ. ಅಕ್ಕನಿಗೆ ಅದು ಗುರುತಿನ ವಾಸನೆ. ಗಂಡ ರಜೆಯಲ್ಲಿ ಬಂದಾಗ ಅವನ ಅಂಗಿಯಿಂದ ಬರುತ್ತಿದ್ದದ್ದೇ.

ಮಾಸ್ಟರಿಗೆ ಎಂಬತ್ತು ದಾಟಿರಬೇಕು. ಬೆನ್ನು ಮಾತ್ರ ಇನ್ನೂ ನೆಟ್ಟಗಿತ್ತು. ತುತ್ತೂರಿಯೊಂದರ ಅಗಲ ಬಾಯಿಯನ್ನು ಕಬ್ಬಿಣದ ಗುಂಡಿನ ಮೇಲಿಟ್ಟು, ಮರದ ಸುತ್ತಿಗೆಯಿಂದ ತಗ್ಗನ್ನು ಮೆಲ್ಲಗೆ ಎಬ್ಬಿಸುತ್ತಿದ್ದರು.

"ನಾನು ತುತ್ತೂರಿಯ ಹೆಂಡತಿ," ಎಂದಳು ಅಕ್ಕ.

ಸುತ್ತಿಗೆ ನಿಂತಿತು. ಅವರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಕೂತ್ಕೊಳ್ಳಿ ತಾಯಿ," ಎಂದರು. ಕೂರಲು ಡೋಲು ಬಿಟ್ಟರೆ ಬೇರೇನೂ ಇರಲಿಲ್ಲ. ಅಕ್ಕ ನಿಂತೇ ಇದ್ದಳು.

ಇಕ್ಕಳ ಸುತ್ತಿ ಬಳಸುವವನಲ್ಲ. "ಮಾಸ್ಟರ್, ನಾಳೆ ವಿಚಾರಣೆ ಇದೆ. ಭಾವನ ದಾಖಲೆಯಲ್ಲಿ ಆ ವರ್ಷ ಪೂರ್ತಿ ಡಿಪೋದಲ್ಲಿ ಹಾಜರು ಅಂತ ಇದೆ. ಬ್ಯಾಂಡಿನ ಹಾಜರಿ ಹಾಕ್ತಿದ್ದವರು ನೀವು."

"ನಾನೇ."

"ಅವರು ಡಿಪೋದಲ್ಲಿದ್ರಾ?"

"ಇರಲಿಲ್ಲ."

ಇಷ್ಟು ಸುಲಭವಾಗಿ ಬಂದ ಉತ್ತರ ಇಕ್ಕಳನಿಗೆ ಹಿಡಿಸಲಿಲ್ಲ. ವಿಮೆಯ ಕೆಲಸದಲ್ಲಿ ಸುಲಭದ ಉತ್ತರಗಳೆಲ್ಲ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದವು. ಅಕ್ಕನಿಗೆ ಮಾತ್ರ ಎದೆಯೊಳಗೆ ಯಾರೋ ಒಂದು ಗಂಟು ಬಿಚ್ಚಿದಂತಾಯಿತು.

"ಮತ್ತೆ ಎಲ್ಲಿದ್ರು?" ಎಂದಳು.

"ಸಮುದ್ರದಾಚೆ ತಾಯಿ. ಇನ್ನೆಲ್ಲಿ?" ಮಾಸ್ಟರು ಕಿಟಕಿಯ ಕಡೆ ಕೈ ಮಾಡಿದರು, ಸಮುದ್ರ ಅಲ್ಲೇ ಕೆಳಗೆ ಸೈಕಲ್ ಅಂಗಡಿಯ ಪಕ್ಕದಲ್ಲಿದೆಯೇನೋ ಎಂಬಂತೆ. "ಬ್ಯಾಂಡಿನವರು ಅಂದ್ರೆ ಬರೀ ಮೆರವಣಿಗೆಗೆ ಊದೋರು ಅಂದ್ಕೊಂಡಿದ್ದೀರಾ? ಯುದ್ಧ ಅಂದ್ರೆ ನಮ್ಮ ವಾದ್ಯ ಪೆಟ್ಟಿಗೆ ಸೇರುತ್ತೆ, ಕೈಗೆ ಸ್ಟ್ರೆಚರ್ ಬರುತ್ತೆ. ನಮ್ಮ ಹುಡುಗರಿಗೆ ಎರಡೂ ಕಲಿಸ್ತಿದ್ವಿ. ಆಚೆ ದೇಶಕ್ಕೆ ಪಡೆ ಹೊರಡೋ ದಿನ ವೈದ್ಯಕೀಯ ತುಕಡಿಗೆ ಸ್ಟ್ರೆಚರ್ ಹೊರೋರು ಕಮ್ಮಿ ಬಿದ್ರು. ಒಬ್ಬ ಅಧಿಕಾರಿ ಬಂದು ಬೆಳಗಿನ ಸಾಲಲ್ಲಿ ನಿಂತಿದ್ದ ಇಬ್ಬರನ್ನ ಭುಜ ತಟ್ಟಿ ಕರ್ಕೊಂಡು ಹೋದ. ನಗಾರಿ, ತುತ್ತೂರಿ. ಆದೇಶ ಹಿಂದಿನಿಂದ ಬರುತ್ತೆ ಅಂದ. ಬರಲಿಲ್ಲ."

"ಬರದಿದ್ರೆ ಇಲ್ಲ ಅಂತ ಬರೀಬೇಕಿತ್ತು. ಹಾಜರು ಅಂತ ಯಾಕೆ ಹಾಕಿದ್ರಿ?"

ಮಾಸ್ಟರು ತುತ್ತೂರಿಯ ಬಾಯನ್ನು ಬೆರಳಿನಿಂದ ಸವರಿದರು. ತಗ್ಗು ಇನ್ನೂ ಪೂರ್ತಿ ಏಳಿರಲಿಲ್ಲ.

"ಬ್ಯಾಂಡಿಗೆ ಇಷ್ಟು ಜನ ಅಂತ ಒಂದು ಲೆಕ್ಕ ಇರುತ್ತೆ. ಅದಕ್ಕಿಂತ ಕಮ್ಮಿಯಾದ್ರೆ ಬ್ಯಾಂಡೇ ರದ್ದು. ವಾದ್ಯ ಉಗ್ರಾಣಕ್ಕೆ, ಹುಡುಗರು ಗೇಟು ಕಾಯೋಕೆ. ನಾವು ಆಗ ಸರಿಯಾಗಿ ಅಂಚಿನಲ್ಲಿದ್ವಿ. ಇಬ್ಬರು ಇಲ್ಲ ಅಂದಿದ್ರೆ ಮುಗೀತಿತ್ತು. ಅದಕ್ಕೇ ದಿನಾ ಬೆಳಗ್ಗೆ ಅವರ ಹೆಸರು ಕೂಗ್ತಿದ್ದೆ. ಸಾಲಲ್ಲಿ ಬೇರೆ ಯಾರೋ 'ಹಾಜರ್' ಅಂತಿದ್ದ. ಒಂದು ವರ್ಷ ಬ್ಯಾಂಡಿನಲ್ಲಿ ಇಬ್ಬರು ಗಾಳಿ ಮನುಷ್ಯರು ಊದ್ತಾ ಇದ್ರು, ಬಾರಿಸ್ತಾ ಇದ್ರು." ಅವರು ನಗಲು ನೋಡಿದರು. ಯಾರೂ ಜತೆಗೂಡಲಿಲ್ಲ.

ಅಕ್ಕನ ದನಿ ಏರಿತು. "ನಿಮ್ಮ ಬ್ಯಾಂಡು ಉಳೀತು. ನಮ್ಮ ಮನೆ ಏನಾಯ್ತು ಗೊತ್ತಾ ನಿಮಗೆ? ಕೂಸನ್ನ ಕಟ್ಕೊಂಡು ನಿಮ್ಮ ಗೇಟಿಗೆ ಬಂದಿದ್ದೆ ನಾನು! ಇಲ್ಲ ಅಂದ್ರು. ದಾಖಲೆ ನೋಡಿದ್ರೆ ಇದ್ದಾನೆ ಅನ್ನುತ್ತೆ. ನಾನು ಏನಂದ್ಕೋಬೇಕಿತ್ತು? ಮೂವತ್ತು ವರ್ಷ ಆ ಮನುಷ್ಯನ ಮುಖಕ್ಕೆ ಮಾತಿನಲ್ಲೇ ಬರೆ ಹಾಕಿದ್ದೀನಿ. ಇಲ್ಲದ ಒಬ್ಬಳ ಜತೆ ಹೋಲಿಸ್ಕೊಂಡು ಹೋಲಿಸ್ಕೊಂಡು ಸವೆದಿದ್ದೀನಿ!"

"ಅಕ್ಕಾ, ನಿಧಾನ," ಎಂದ ಇಕ್ಕಳ.

"ನೀನು ಸುಮ್ನಿರೋ. ನಿನಗೇನು ಗೊತ್ತು!"

ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಒಂಥರಾ ಹಗುರ. ಇದ್ದದ್ದು ಗಾಳಿ ಮನುಷ್ಯ, ಗಾಳಿ ಹೆಂಗಸು. ಇಬ್ಬರೂ ಇಲ್ಲ. ಸಂಜೆ ಮನೆಗೆ ಹೋಗಿ ಏನು ಹೇಳಬೇಕು ಎಂದು ಕೂಡ ಅವಳು ಆಗಲೇ ಯೋಚಿಸಿಬಿಟ್ಟಳು. ಏನೂ ಹೇಳಬಾರದು. ಬಿಸಿಯಾಗಿ ಬಡಿಸಿ ಎದುರಿಗೆ ಕೂರಬೇಕು, ಅಷ್ಟೇ.

ಇಕ್ಕಳ ಮಾತ್ರ ಬಿಡಲಿಲ್ಲ. "ವಾಪಸು ಬಂದ ಮೇಲೆ ನಗಾರಿಯವರ ದಾಖಲೆ ತಿದ್ದಿಸಿದ್ರಿ. ಸಾಕ್ಷಿ ಹೇಳಿದ್ರಿ. ಅವರಿಗೆ ಪದಕವೂ ಬಂತು. ಸ್ಟ್ರೆಚರಿನ ಮುಂದಿನ ತುದಿ ಹಿಡಿದಿದ್ದು ಯಾರು?"

"ತುತ್ತೂರಿ. ಗುಂಡು ಬರ್ತಿದ್ದ ಕಡೆ ಮುಖ ಮಾಡಿ ನಡೆದವನು ಅವನೇ. ನಗಾರಿ ಸಾಯೋ ತನಕ ಅದನ್ನೇ ಹೇಳ್ತಿದ್ದ."

"ಹಾಗಿದ್ರೆ ಅವರಿಗೆ ಯಾಕೆ ಸಾಕ್ಷಿ ಹೇಳಲಿಲ್ಲ? ಒಬ್ಬರದ್ದು ತಿದ್ದಿದ ಮೇಲೆ ಬ್ಯಾಂಡಿನ ಸುಳ್ಳು ಹೇಗೂ ಬಯಲಾಗಿತ್ತು. ಎರಡನೇದಕ್ಕೆ ಹೆದರೋಕೆ ಕಾರಣ ಇರಲಿಲ್ಲ."

ಇದು ಒಳ್ಳೆಯ ಪ್ರಶ್ನೆ. ಮಾಸ್ಟರು ಸುತ್ತಿಗೆಯನ್ನು ಮೇಜಿನ ಮೇಲಿಟ್ಟರು. ಅವರ ಕಣ್ಣು ಇಕ್ಕಳನನ್ನು ದಾಟಿ ಅಕ್ಕನ ಮೇಲೆ ನಿಂತಿತು. ಅದರಲ್ಲಿ ತಪ್ಪಿತಸ್ಥನ ಅಳುಕಿರಲಿಲ್ಲ. ಇದ್ದದ್ದು ಬೇಸರ, ಮಾತು ಕೊಟ್ಟು ಮರೆತವರನ್ನು ನೋಡುವಾಗಿನ ಬೇಸರ.

"ಅದನ್ನ ನನ್ನ ಬಾಯಲ್ಲೇ ಹೇಳಿಸ್ಬೇಕಾ ತಾಯಿ? ಬೇಡ, ತಿದ್ದಬೇಡಿ ಅಂತ ಅವತ್ತು ಬಂದು ಕೈಮುಗಿದು ಕೇಳ್ಕೊಂಡಿದ್ದು ನೀವೇ ತಾನೇ?"

ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲ್ ಚಕ್ರ ತಿರುಗಿಸಿ ಬಿಟ್ಟರು. ಅದು ತಿರುಗಿ ತಿರುಗಿ ನಿಂತಿತು.

"ನಾನಾ?" ಎಂದಳು ಅಕ್ಕ.

"ತುತ್ತೂರಿ ಬಂದಿಳಿದ ಎರಡು ಮೂರು ದಿನಕ್ಕೆ. ಅವನೂ ಬಂದಿದ್ದ, ನೀವೂ ಬಂದಿದ್ರಿ. ವಾದ್ಯದ ಕೋಣೆಯಲ್ಲಿ ಮಾತಾಡಿದ್ವಿ. ಅವನು ತಲೆ ಬಗ್ಗಿಸ್ಕೊಂಡು ನಿಂತಿದ್ದ, ಮಾತೆಲ್ಲ ನಿಮ್ಮದೇ. 'ಒಂದು ಸಲ ಆಚೆ ಹೋಗಿ ಬಂದವರನ್ನೇ ಮುಂದಿನ ಪಡೆಗೂ ಮೊದಲು ಎತ್ಕೊಳ್ತಾರಂತೆ. ಹೋಗಿದ್ದ ಅಂತ ದಾಖಲೆಯಲ್ಲಿ ಬಂದ್ರೆ ಮತ್ತೆ ಕರೀತಾರೆ. ರಾತ್ರಿ ಎಲ್ಲ ಬೆಚ್ಚಿ ಎದ್ದು ಕೂರ್ತಾರೆ ಇವರು. ಇನ್ನೊಂದು ಸಲ ಹೋದ್ರೆ ವಾಪಸು ಬರಲ್ಲ. ಪದಕ ಬೇಡ, ಹೆಸರು ಬೇಡ, ಡಿಪೋದಲ್ಲೇ ಇದ್ದ ಅಂತ ಇರಲಿ, ಮನುಷ್ಯ ಉಳೀಲಿ.' ಹೀಗಂದ್ರಿ. ಒಂದೊಂದು ಮಾತೂ ನೆನಪಿದೆ ನನಗೆ. ನಾನು ಎಷ್ಟೋ ಹುಡುಗರ ಹೆಂಡತಿಯರನ್ನ ನೋಡಿದ್ದೀನಿ. ಎಲ್ರೂ ಬಂದು ಗಂಡಂಗೆ ಏನಾದ್ರೂ ಕೊಡಿ ಅಂತ ಕೇಳ್ತಿದ್ರು. ಬಂದದ್ದನ್ನ ಬೇಡ ಅಂದವರು ನೀವೊಬ್ಬರೇ. ಇಂಥ ಹೆಂಡತಿ ಸಿಕ್ಕೋಕೆ ಪುಣ್ಯ ಮಾಡಿರಬೇಕು ಅಂತ ಅವನಿಗೆ ಅವತ್ತೇ ಹೇಳಿದ್ದೆ."

"ನಾನು ಬಂದಿರಲಿಲ್ಲ," ಎಂದಳು ಅಕ್ಕ.

ದನಿ ತನ್ನದೇ ಅನ್ನಿಸಲಿಲ್ಲ ಅವಳಿಗೆ.

"ನಾನು ನಿಮ್ಮ ಗೇಟಿಗೆ ಬಂದಿದ್ದು ಒಂದೇ ಸಲ. ಅವರು ಇಲ್ಲದಾಗ. ಒಳಗೆ ಕಾಲಿಟ್ಟಿಲ್ಲ. ನಿಮ್ಮ ಮುಖ ನೋಡ್ತಿರೋದು ಇವತ್ತೇ."

ಮಾಸ್ಟರು ಎದ್ದು, ಕಿಟಕಿಯ ಬೆಳಕು ಅವಳ ಮುಖಕ್ಕೆ ಬೀಳುವಂತೆ ಪಕ್ಕಕ್ಕೆ ಸರಿದು ನೋಡಿದರು. ತುಂಬ ಹೊತ್ತು ನೋಡಿದರು.

"ವಯಸ್ಸಾಗಿ ಬದಲಾಗಿದ್ದೀರಿ ಅಂದ್ಕೊಂಡೆ," ಎಂದರು. "'ನಾನು ಇವರ ಹೆಂಡತಿ' ಅಂದ್ರು ಅವರು. ಅವನು ಅಲ್ಲ ಅನ್ನಲಿಲ್ಲ."

ಅಕ್ಕ ಡೋಲಿನ ಅಂಚು ಹಿಡಿದು ಕೂತಳು. ಹರಿದ ಚರ್ಮದಡಿಯಿಂದ ಒಂದು ಗೊಗ್ಗರು ಸದ್ದು ಬಂತು.

ಹೊಟ್ಟೆಕಿಚ್ಚು ಅವಳಿಗೆ ಹೊಸದಲ್ಲ, ಅದರ ಜತೆ ಸಂಸಾರ ಮಾಡಿದವಳು. ಆದರೆ ಇದು ಬೇರೆ ಥರ ಸುಡುತ್ತಿತ್ತು. ಅವಳು ಕಟ್ಟಿಕೊಂಡಿದ್ದ ಹೆಂಗಸು ನಗುತ್ತಿದ್ದಳು, ತಲೆ ಬಾಚಿಕೊಳ್ಳುತ್ತಿದ್ದಳು, ಗಂಡನನ್ನು ಮನೆಯಿಂದ ದೂರ ಇಡುತ್ತಿದ್ದಳು. ಅವಳನ್ನು ಬೈಯಬಹುದಿತ್ತು. ಈ ಹೆಂಗಸು ಅವನನ್ನು ಮನೆಯಲ್ಲೇ ಉಳಿಸಲು ಕೈಮುಗಿದಿದ್ದಾಳೆ. ಅವನು ರಾತ್ರಿ ಬೆಚ್ಚಿ ಏಳುವುದು ಇವಳಿಗೆ ಗೊತ್ತು. ಪಕ್ಕದಲ್ಲೇ ಮಲಗಿದ್ದ ಅಕ್ಕ ಅದನ್ನು ಕಂಡಿದ್ದಳು. ಆದರೆ ಆ ಉದ್ದ ಕೂದಲಿನವಳ ನೆನಪಿನಲ್ಲಿ ಬೆಚ್ಚುತ್ತಾನೆ ಅಂದುಕೊಂಡು ಮಗ್ಗುಲು ಬದಲಿಸಿದ್ದಳು. ಅವನಿಗಾಗಿ ಡಿಪೋದವರೆಗೆ ಹೋಗಿ ಬೇಡಿಕೊಳ್ಳಬೇಕಾಗಿದ್ದವಳು ತಾನು. ತನ್ನ ಜಾಗದಲ್ಲಿ ನಿಂತು, ತನ್ನ ಹೆಸರಿನಲ್ಲಿ, ತನಗಿಂತ ಚೆನ್ನಾಗಿ ಇನ್ನೊಬ್ಬಳು ಹೆಂಡತಿಯಾಗಿದ್ದಳು.

"ಹೇಗಿದ್ಲು?" ಎಂದು ಕೇಳಿದಳು.

ಮಾಸ್ಟರು ಬಾಯಿ ತೆರೆದರು.

"ಮೂವತ್ತು ವರ್ಷ ಆಯ್ತಲ್ಲ ಅಕ್ಕ, ಏನು ನೆನಪಿರುತ್ತೆ ಬಿಡು," ಎಂದ ಇಕ್ಕಳ.

ಅಕ್ಕ ನಿಧಾನಕ್ಕೆ ಅವನ ಕಡೆ ತಿರುಗಿದಳು. ಸಾಕ್ಷಿಗೆ ಕೇಳಿದ ಪ್ರಶ್ನೆಗೆ ಪತ್ತೇದಾರ ಉತ್ತರ ಕೊಟ್ಟಿದ್ದ. ಅವನು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸುತ್ತಿದ್ದ. ಸ್ವಲ್ಪ ಮುಂಚೆ ಒಂದೊಂದು ಮಾತೂ ನೆನಪಿದೆ ಎಂದವರಿಗೆ ಮುಖ ನೆನಪಿರುವುದಿಲ್ಲವೆಂದು ಇವನಿಗೆ ಹೇಳಿದವರು ಯಾರು?

"ನೀನು ಸುಮ್ನಿರು," ಎಂದಳು. "ಮಾಸ್ಟರ್, ನೀವು ಹೇಳಿ."

ಮಾಸ್ಟರು ಅಕ್ಕನನ್ನೂ ತಮ್ಮನನ್ನೂ ಒಮ್ಮೆ ನೋಡಿದರು. "ತಲೆಗೆ ಬಟ್ಟೆ ಕಟ್ಕೊಂಡಿದ್ರು ತಾಯಿ, ಬಸ್ಸಿನ ಧೂಳಿಗೆ. ಮುಖ ಅರ್ಧ ಕಾಣ್ತಿತ್ತು. ಒಂದು ಮಾತ್ರ ಇದೆ. ಚಹಾ ಕುಡಿದು ಹೋಗಿ ಅಂದೆ. ಬೇಡ, ಹೋಗ್ಬೇಕು, ಮನೆಯಲ್ಲಿ ಕೂಸಿಗೆ ನಾಯಿಕೆಮ್ಮು, ನಿನ್ನೆ ರಾತ್ರಿ ಇಡೀ ಎತ್ಕೊಂಡು ಕೂತಿದ್ದೀನಿ ಅಂದ್ರು. ಕೂಸಿನ ಹೆಸರೂ ಹೇಳಿದ್ರು."

ಆ ನಾಯಿಕೆಮ್ಮು ಅಕ್ಕನಿಗೆ ಚೆನ್ನಾಗಿ ನೆನಪಿದೆ. ಗಂಡ ಬಂದ ವಾರವೇ ಅದು. ಬಂದ ಮೂರನೇ ದಿನಕ್ಕೆ ಡಿಪೋದಲ್ಲಿ ಕೆಲಸವಿದೆ ಎಂದು ಅವನು ಹೋದ. ಮೂರು ರಾತ್ರಿ ನಿದ್ದೆಗೆಟ್ಟ ಅಕ್ಕನನ್ನು ಅದರ ಹಿಂದಿನ ರಾತ್ರಿ ಎಲ್ಲರೂ ಸೇರಿ ಬಲವಂತವಾಗಿ ಮಲಗಿಸಿದ್ದರು. ಆಮೇಲೆ ಕೂಸನ್ನು ಬೆಳಗಿನ ತನಕ ಹೆಗಲಿಗೆ ಹಾಕಿಕೊಂಡು ಕೂತವಳು ಒಬ್ಬಳಿದ್ದಳು. ಯಾರು? ಸಹಾಯಕ್ಕೆ ಬಂದಿದ್ದ ನಾದಿನಿಯೋ, ತಮ್ಮನ ಹೊಸ ಹೆಂಡತಿಯೋ, ಎದುರು ಮನೆಯ ಹೊಲಿಗೆಯವಳೋ. ಮೂವರೂ ಆ ವಾರ ಮನೆ ತುಂಬ ಓಡಾಡುತ್ತಿದ್ದರು. ಅಕ್ಕ ಆ ರಾತ್ರಿಯೂ ಮರುದಿನದ ಬಹುಪಾಲೂ ನಿದ್ದೆಯಲ್ಲಿದ್ದಳು.

ದೂರದ ಯಾವುದೋ ಊರಿನಲ್ಲಿ ಅವಳು ಮೂವತ್ತು ವರ್ಷ ಹುಡುಕಿದ್ದವಳು ತನ್ನ ಅಡಿಗೆಮನೆಯಲ್ಲೇ ಇದ್ದಳು.

"ನಾಳೆ ಮಂಡಳಿಗೆ ಬರ್ತೀರಾ?" ಎಂದು ಕೇಳಿದಳು.

"ಬರ್ತೀನಿ. ಆದ್ರೆ ಬಂದ್ರೆ ಪೂರ್ತಿ ಹೇಳ್ತೀನಿ," ಎಂದರು ಮಾಸ್ಟರು. "ಆಗಲೇ ಯಾಕೆ ತಿದ್ದಲಿಲ್ಲ ಅಂತ ಅವರು ಕೇಳೇ ಕೇಳ್ತಾರೆ. ಒಂದು ವರ್ಷ ಸುಳ್ಳು ಹಾಜರಿ ಹಾಕಿದ್ದು ಸಾಕು ನನಗೆ. ನಿಮ್ಮ ಮಗಳೆದುರು, ಅವನೆದುರು, ಯಾರ್ಯಾರು ಇರ್ತಾರೋ ಅವರೆದುರು ಹೇಳ್ಬೇಕಾಗುತ್ತೆ. ಬೇಡ ಅಂದ್ರೆ ಈಗಲೇ ಹೇಳಿ. ನನಗೆ ಕಾಲು ನೋವು, ಬರೋಕಾಗಲಿಲ್ಲ ಅಂದ್ರೆ ಯಾರೂ ಕೇಳಲ್ಲ."

"ಬೇಡ ಅಕ್ಕಾ," ಎಂದ ಇಕ್ಕಳ. ಪತ್ತೇದಾರನ ದನಿಯಲ್ಲ ಅದು. ಚಿಕ್ಕವನಿದ್ದಾಗ ಏನಾದರೂ ಒಡೆದು ಹಾಕಿ ಅವಳ ಹಿಂದೆ ಬಂದು ನಿಲ್ಲುತ್ತಿದ್ದವನ ದನಿ. "ಖಂಡಿತ ಬೇಡ. ದಾಖಲೆ ಹಾಗೇ ಇರಲಿ. ಮನೆಗೆ ಹೋಗೋಣ ನಡಿ."

"ಯಾಕೋ?"

ಅವನು ಗೋಡೆಯ ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದ ತುತ್ತೂರಿಗಳನ್ನು ನೋಡುತ್ತ ನಿಂತ.

ಅಕ್ಕ ಎದ್ದಳು. "ಬನ್ನಿ ಮಾಸ್ಟರ್," ಎಂದಳು. "ಗಾಡಿ ಕಳಿಸ್ತೀನಿ. ಒಂದು ಮಾತೂ ಬಿಡದೆ ಹೇಳಿ. ಅವರೆಲ್ಲರನ್ನೂ ನಾನೇ ಕರ್ಕೊಂಡು ಬಂದು ಮುಂದಿನ ಸಾಲಲ್ಲಿ ಕೂರಿಸ್ತೀನಿ. ನಾದಿನೀನ, ಹೊಲಿಗೆಯವಳನ್ನ..." ತಮ್ಮನ ಕಡೆ ನೋಡಿದಳು. "ನಿನ್ನ ಹೆಂಡತೀನೂ."

ಮೆಟ್ಟಿಲಿನಲ್ಲಿ ಅವಳು ಮುಂದೆ, ಅವನು ಹಿಂದೆ. ಅವನ ಹೆಜ್ಜೆ ಸದ್ದು ನಡುವೆಯೇ ನಿಂತು, ಮತ್ತೆ ಮೇಲಕ್ಕೆ ಹೋಯಿತು. ಅವಳು ಬೀದಿಗಿಳಿದು ಸ್ವಲ್ಪ ಹೊತ್ತು ಕಾದಳು. ಅವನು ಇಳಿದು ಬರಲಿಲ್ಲ.

ಆ ಹೆಂಗಸು ಮೂವರಲ್ಲಿ ಯಾರು ಎಂದು ನನಗೆ ಗೊತ್ತಿಲ್ಲ. ಇಕ್ಕಳನಿಗೆ ಗೊತ್ತಿತ್ತೋ, ಅಥವಾ ಗೊತ್ತಾಗಿಬಿಟ್ಟೀತೆಂದು ಹೆದರಿದನೋ, ಅದೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಅವನು ಇನ್ನೂ ಮೇಲೆಯೇ ಇದ್ದ, ಮತ್ತು ಮೇಲೆ ಮಾಸ್ಟರರ ಸುತ್ತಿಗೆಯ ಸದ್ದು ಮತ್ತೆ ಶುರುವಾಗಿರಲಿಲ್ಲ.